ಹೀಥ್ರೂ ಟರ್ಮಿನಲ್ 5ರಿಂದ ರಸೆಲ್ ಸ್ಕ್ವೇರ್‌ಗೆ: ಎಲಿಜಬೆತ್ ಲೈನ್ ಹಿಡಿಯಿರಿ

ಮಂಡಿನೋವಿರುವ ಅಮ್ಮ, ಮೂರು ದೊಡ್ಡ ಸೂಟ್‌ಕೇಸ್, ಹೋಟೆಲ್ ಇರುವುದು ಲಂಡನ್ನಿನ ರಸೆಲ್ ಸ್ಕ್ವೇರ್ ಹತ್ತಿರ, ಹೀಥ್ರೂ ವಿಮಾನ ನಿಲ್ದಾಣದಿಂದ ಮೆಟ್ರೋದ ಪಿಕಾಡಿಲಿ ಲೈನ್ ನೇರ ಹೋಗುತ್ತಲ್ಲ ಅಂತ ಕೇಳಿದ್ದೀರಿ. ನೇರ ಹೋಗುತ್ತದೆ, ಅಗ್ಗವೂ ಹೌದು. ಆದರೆ ರಸೆಲ್ ಸ್ಕ್ವೇರ್ ಸ್ಟೇಷನ್‌ನಲ್ಲಿ ಲಿಫ್ಟ್ ಇದ್ದರೂ ಪ್ಲಾಟ್‌ಫಾರ್ಮ್‌ನಿಂದ ಲಿಫ್ಟ್‌ಗೆ ಹೋಗಲು ಮೆಟ್ಟಿಲು ಹತ್ತಲೇಬೇಕು. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದವರಿಗೆ ಆ ಕಷ್ಟ ಬೇಡ.

ಎಲಿಜಬೆತ್ ಲೈನ್ ಎಂಬ ಇನ್ನೊಂದು ರೈಲಿನಲ್ಲಿ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಸ್ಟೇಷನ್‌ವರೆಗೆ ಬನ್ನಿ. ಟಿಕೆಟ್ ದರ ಪಿಕಾಡಿಲಿಯ ಎರಡು ಪಟ್ಟಿಗಿಂತ ಹೆಚ್ಚು, ನಿಜ. ಆದರೆ ಅಲ್ಲಿ ರಸ್ತೆಯವರೆಗೂ ಲಿಫ್ಟ್ ಇದೆ, ರೈಲಿನಲ್ಲಿ ಏಸಿ ಇದೆ, ಸಾಮಾನಿಡಲು ಜಾಗವೂ ಜಾಸ್ತಿ. ಟರ್ಮಿನಲ್ 5ರಿಂದಲೇ ರೈಲು ಹೊರಡುವುದರಿಂದ ಅಮ್ಮನಿಗೆ ಸೀಟು ಸಿಗುತ್ತದೆ. ಆದರೆ ಟರ್ಮಿನಲ್ 5ರಿಂದ ಈ ರೈಲುಗಳು ಅಷ್ಟು ಪದೇಪದೇ ಇಲ್ಲ, ಸ್ವಲ್ಪ ಕಾಯಬೇಕಾಗಬಹುದು. ಇಳಿದ ಮೇಲೆ ಕಪ್ಪು ಟ್ಯಾಕ್ಸಿ ಹಿಡಿಯಿರಿ, ದೂರ ಕಡಿಮೆ.

ಹೀಥ್ರೂ ಎಕ್ಸ್‌ಪ್ರೆಸ್ ಎಂಬ ವೇಗದ ರೈಲು ನಿಮಗೆ ಬೇಡ. ಪ್ಯಾಡಿಂಗ್ಟನ್ ಸ್ಟೇಷನ್‌ಗೇ ನಿಲ್ಲುತ್ತದೆ, ಮತ್ತೆ ಸಾಮಾನು ಎಳೆದಾಡಬೇಕು.

ಟಿಕೆಟ್‌ಗೆ ಸಾಲು ನಿಲ್ಲಬೇಡಿ, ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಸಾಕು. ಇದನ್ನು ಮಾತ್ರ ದಯವಿಟ್ಟು ನೆನಪಿಡಿ: ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು. ಸ್ಟೇಷನ್ ಒಳಗೆ ಹೋಗುವಾಗ ಗೇಟಿನ ಯಂತ್ರಕ್ಕೆ ಮುಟ್ಟಿಸಿದ್ದನ್ನೇ ಹೊರಬರುವಾಗಲೂ ಮುಟ್ಟಿಸಿ. ಅಲ್ಲಿ ಫೋನು, ಇಲ್ಲಿ ಕಾರ್ಡು ಅಂತಾದರೆ ಎರಡು ಅಪೂರ್ಣ ಪ್ರಯಾಣ ಎಂದು ಲೆಕ್ಕ ಹಾಕಿ ಗರಿಷ್ಠ ದರ ಕಡಿಯುತ್ತಾರೆ. ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ಇಬ್ಬರ ಕಾರ್ಡಿಗೂ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಕೊಳ್ಳಿ.