ಕೆ-350 ನಕ್ಷೆ ನೋಡಿ ಕಟ್ಟುತ್ತಿರುವ ಸ್ವಂತ ಜಲಾಂತರ್ಗಾಮಿಯ ಹ್ಯಾಚ್ (ಒಳಹೋಗುವ ದಾರಿಯ ಮುಚ್ಚಳ) ಮತ್ತು ಪ್ರೊಪೆಲ್ಲರ್ ಶಾಫ್ಟ್ ಭಾಗಗಳನ್ನು ಹೈಡ್ರಾಲಿಕ್ ಸಿಲಿಂಡರ್ ಮಾಡುವ ವರ್ಕ್‌ಶಾಪಿನಲ್ಲಿ ಮಾಡಿಸಬಹುದೇ?

ಧಾರಾಳವಾಗಿ ಮಾಡಿಸಬಹುದು. ಆದರೆ ನಕ್ಷೆಯನ್ನು ಅವರ ಕೈಗಿಟ್ಟು ‘ನಿಮ್ಮ ಸಿಲಿಂಡರಿಗೆ ಮಾಡುವ ಹಾಗೆಯೇ ಮಾಡಿಕೊಡಿ’ ಎಂದು ಮಾತ್ರ ಹೇಳಬೇಡಿ. ನಾನು ಬೆಂಗಳೂರಿನ ಪೀಣ್ಯದಲ್ಲಿ ಅದೇ ಸಿಲಿಂಡರುಗಳ ಕೆಲಸ ಮಾಡಿಕೊಂಡಿದ್ದವನು. ಈಗ ಮಿಷಿಗನ್ನಿನಲ್ಲಿದ್ದೇನೆ, ಪರಿಚಿತರೊಬ್ಬರು ಗ್ಯಾರೇಜಿನಲ್ಲಿ ಕಟ್ಟುತ್ತಿರುವ ಪುಟ್ಟ ಜಲಾಂತರ್ಗಾಮಿಗೆ ಲೇತ್ ಕೆಲಸ ಮಾಡಿಕೊಡುತ್ತೇನೆ. ಸಿಲಿಂಡರಿನಲ್ಲಿ ಒತ್ತಡ ಒಳಗಿನಿಂದ ಹೊರಕ್ಕೆ. ಇಲ್ಲಿ ಹೊರಗಿನಿಂದ ಒಳಕ್ಕೆ. ಪೀಣ್ಯದ ಕೈಗೆ ರೂಢಿಯಾದದ್ದೆಲ್ಲ ಇಲ್ಲಿ ತಿರುವುಮುರುವು.

ನೀವು ಹಿಡಿದಿರುವ ಕೆ-350 ನಕ್ಷೆ ಅಮೆರಿಕದ ನೌಕಾಪಡೆಯ ನಿವೃತ್ತ ಅಧಿಕಾರಿ ಜಾರ್ಜ್ ಕಿಟ್ರೆಡ್ಜ್ ಅವರದು. ಹೆಸರಿನಲ್ಲೇ ಇರುವ ಹಾಗೆ ಅದು 350 ಅಡಿ ಆಳಕ್ಕೆ, ಅಂದರೆ ಸುಮಾರು 107 ಮೀಟರಿಗೆ. ಲೆಕ್ಕ ಸುಲಭವಾಗಲಿ ಎಂದು 100 ಮೀಟರ್ ಹಿಡಿಯೋಣ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 10 ಕಿಲೋ ಒತ್ತಡ, 50 ಸೆಂ.ಮೀ. ವ್ಯಾಸದ ಹ್ಯಾಚ್ ಆದರೆ ಅದರ ಮೇಲೆ ಹತ್ತಿರ ಹತ್ತಿರ 20 ಟನ್. ಒಳಮುಚ್ಚಳದ ಕುಕ್ಕರಿನಲ್ಲಿ ಹಬೆಯೇ ಮುಚ್ಚಳವನ್ನು ಹಿಡಿದಿಡುವ ಹಾಗೆ ಆಳದಲ್ಲಿ ಹ್ಯಾಚನ್ನು ನೀರೇ ಒತ್ತಿ ಹಿಡಿಯುತ್ತದೆ. ತೊಂದರೆ ಇರುವುದು ನೀರಿನ ಮೇಲ್ಮೈಯಲ್ಲಿ. ಅಲ್ಲಿ ಓ-ರಿಂಗನ್ನು, ಅಂದರೆ ನೀರು ತಡೆಯುವ ರಬ್ಬರ್ ಉಂಗುರವನ್ನು, ಅದುಮುವ ಕೆಲಸವೆಲ್ಲ ಚಿಲಕದ್ದೇ. ಆ ಚಿಲಕ ಒಳಗಿನಿಂದಲೂ ಹೊರಗಿನಿಂದಲೂ ತೆರೆಯುವಂತಿರಬೇಕು; ಇದರಲ್ಲಿ ರಾಜಿ ಬೇಡ.

ಓ-ರಿಂಗ್ ಕೂರುವ ಗ್ರೂವಿಗೆ, ಅಂದರೆ ಗಾಡಿಗೆ, ಬರೋಣ. ಸಿಲಿಂಡರಿನ ಮುಚ್ಚಳದಲ್ಲಿ ಎಣ್ಣೆ ರಿಂಗನ್ನು ಗ್ರೂವಿನ ಹೊರಗೋಡೆಗೆ ನೂಕುತ್ತದೆ, ಹಾಗಾಗಿ ಟರ್ನರ್ (ಲೇತ್ ಕೆಲಸಗಾರ) ಗ್ರೂವಿನ ಹೊರವ್ಯಾಸವನ್ನು ನಿಖರವಾಗಿ ಹಿಡಿಯುತ್ತಾನೆ. ಇಲ್ಲಿ ರಿಂಗ್ ಒಳಗೋಡೆಗೆ ಆತು ಕೂರಬೇಕು, ಆದ್ದರಿಂದ ಗ್ರೂವಿನ ಒಳವ್ಯಾಸವೇ ಮುಖ್ಯ. ಅಲ್ಲಿ ಸಂದು ಉಳಿದರೆ ಮುಳುಗಿದಾಗಲೆಲ್ಲ ರಿಂಗ್ ಒಳಸರಿದು ಸುಕ್ಕುಗಟ್ಟುತ್ತದೆ. ಗೋಡೆ ತೂರಿ ಹೋಗುವ ಪ್ರತಿಯೊಂದು ಫಿಟ್ಟಿಂಗಿನ ಫ್ಲ್ಯಾಂಜ್ (ಅಗಲವಾದ ಅಂಚು) ಕೂಡ ಹೊರಬದಿಗಿರಲಿ. ಒಳಗಿನ ನಟ್ ಸಡಿಲವಾದರೂ ನೀರು ಫ್ಲ್ಯಾಂಜನ್ನು ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ಶಾಫ್ಟಿಗೂ ಇದೇ ಲೆಕ್ಕ. ಮೋಟಾರ್ ನಿಂತಿದ್ದರೂ 25 ಮಿ.ಮೀ. ಶಾಫ್ಟನ್ನು ಸುಮಾರು 49 ಕಿಲೋ ಬಲ ಒಳಕ್ಕೆ ತಳ್ಳುತ್ತಿರುತ್ತದೆ. ಈ ತಳ್ಳುವಿಕೆಯನ್ನು ತಡೆದುಕೊಳ್ಳುವ ಥ್ರಸ್ಟ್ ಬೇರಿಂಗ್ ಇಲ್ಲದೆ ಆಗದು.

ಫಿನಿಷ್, ಅಂದರೆ ಮೇಲ್ಮೈಯ ಒರಟುತನದ ಕುರಿತು: ಅಲುಗದ ಸೀಲಿಗೆ 1.6 ಮೈಕ್ರಾನ್ ಸಾಕು, ತಿರುಗುವ ಶಾಫ್ಟಿಗೆ 0.2ರಿಂದ 0.4 ಬೇಕು. ಆದರೆ ಅಂಕಿಗಿಂತ ಗೆರೆ ಯಾವ ದಿಕ್ಕಿಗಿದೆ ಎಂಬುದು ಮುಖ್ಯ. ಲೇತಿನಲ್ಲಿ ತೆಗೆದ ಗ್ರೂವಿನ ಗೆರೆಗಳು ವೃತ್ತಾಕಾರವಾಗಿ ರಿಂಗಿನ ಜೊತೆಜೊತೆಗೇ ಸುತ್ತುತ್ತವೆ, ಸ್ವಲ್ಪ ಒರಟಾಗಿದ್ದರೂ ನೀರಿಗೆ ದಾರಿಯಿಲ್ಲ. ಅಡ್ಡಡ್ಡಲಾಗಿ ಒಂದೇ ಒಂದು ಗೀರು ಬಿದ್ದರೂ ಅಲ್ಲಿ ಜಿನುಗುತ್ತದೆ. ಸಿಎನ್‌ಸಿ ಮಿಲ್ಲಿಂಗಿನಲ್ಲಿ (ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ) ಮಾಡಿಸಿದರೆ ಕತ್ತರಿಸುವ ಹತಾರವಾದ ಎಂಡ್‌ಮಿಲ್ ಇಳಿದ ಜಾಗವನ್ನೂ ಎದ್ದ ಜಾಗವನ್ನೂ ಉಗುರಿನಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಮೆಟ್ಟಿಲು ಉಗುರಿಗೆ ಸಿಗುತ್ತದೆ. ಸಿಕ್ಕಿದರೆ ಕೈಯಲ್ಲಿ ಎಮೆರಿ ತಿಕ್ಕಿ ಸರಿಮಾಡಲು ಹೋಗಬೇಡಿ, ಆ ಭಾಗವನ್ನು ಲೇತಿಗೆ ಕಟ್ಟಿ, ತಿರುಗುತ್ತಿರುವಾಗಲೇ ಫಿನಿಷ್ ಕಟ್ (ಕೊನೆಯ ತೆಳು ಕತ್ತರಿಕೆ) ಕೊಡಿಸಿ.

ಹ್ಯಾಚ್ ಕೂರುವ ಉಂಗುರಕ್ಕೆ ಕೊನೆಯ ಫಿನಿಷ್ ಕಟ್ ವೆಲ್ಡಿಂಗ್ ಆದ ಮೇಲೆಯೇ. ವೆಲ್ಡಿಂಗಿನ ಎಳೆತಕ್ಕೆ ಎಂಥ ಉಂಗುರವೂ ಸೊಟ್ಟಗಾಗುತ್ತದೆ. ಮೊದಲೇ ಒಂದೆರಡು ಮಿ.ಮೀ. ಹೆಚ್ಚುವರಿ ಲೋಹ ಬಿಟ್ಟುಕೊಳ್ಳಿ.

ಉಪ್ಪುನೀರಿಗೆ ಇಳಿಸುವುದಾದರೆ 304 ದರ್ಜೆಯ ಸ್ಟೇನ್‌ಲೆಸ್ ಬೇಡ. 316 ವಾಸಿ, ಆದರೂ ಓ-ರಿಂಗಿನ ಅಡಿಯ ನಿಂತ ನೀರಿನಲ್ಲಿ ಅದಕ್ಕೂ ಗುಳಿ ಬೀಳುತ್ತದೆ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕಿದರೆ ಥ್ರೆಡ್ ಕಚ್ಚಿಕೊಂಡು ಬಿಡುತ್ತದೆ. ಚಿಲಕದ ನಟ್ ಅಲ್ಯೂಮಿನಿಯಂ ಬ್ರಾಂಜ್‌ದಾಗಿರಲಿ.

ಅಕ್ರಿಲಿಕ್ ಕಿಟಕಿಯನ್ನು ಮಾತ್ರ ಈ ವರ್ಕ್‌ಶಾಪಿನಲ್ಲಿ ಮಾಡಿಸಬೇಡಿ ಎನ್ನುತ್ತೇನೆ. ಅದಕ್ಕೆ ಎಎಸ್‌ಎಂಇ ಪಿವಿಎಚ್‌ಒ-1 ಎಂಬ, ಮನುಷ್ಯರು ಒಳಗಿರುವ ಒತ್ತಡಪಾತ್ರೆಗಳ ಪ್ರತ್ಯೇಕ ಮಾನದಂಡವೇ ಇದೆ. ಅಚ್ಚು ಹೊಯ್ದ ಅಕ್ರಿಲಿಕ್ಕೇ ಬೇಕು, ಕತ್ತರಿಸಿದ ಮೇಲೆ ಒಲೆಯಲ್ಲಿ ನಿಧಾನವಾಗಿ ಕಾಯಿಸಿ ಆರಿಸಬೇಕು. ಅಸಿಟೋನ್ ಬಟ್ಟೆಯಿಂದ ಒರೆಸುವ ಅಭ್ಯಾಸ ಲೋಹದ ಅಂಗಡಿಯವರಿಗೆಲ್ಲ ಇರುತ್ತದೆ. ಒಮ್ಮೆ ಒರೆಸಿದರೆ ಸಾಕು, ಅಕ್ರಿಲಿಕ್‌ನಲ್ಲಿ ಕೂದಲೆಳೆಯ ಬಿರುಕುಗಳು ಏಳುತ್ತವೆ.

ಫಿಟ್ಟಿಂಗುಗಳ ಒತ್ತಡ ಪರೀಕ್ಷೆಯನ್ನು ನೀರು ತುಂಬಿಯೇ ಮಾಡಿ, ಕಂಪ್ರೆಸರ್ ಗಾಳಿಯಿಂದ ಬೇಡ: ಒಡೆದರೆ ಗಾಳಿ ಸಿಡಿಯುತ್ತದೆ, ನೀರು ಸೋರುತ್ತದೆ. ಇಡೀ ಹಡಗು ಸಿದ್ಧವಾದ ಮೇಲೆ ಮೊದಲ ಆಳದ ಮುಳುಗು ಒಳಗೆ ಯಾರೂ ಇಲ್ಲದೆ, ಹಗ್ಗಕ್ಕೆ ಕಟ್ಟಿ.