ಗೂಗಲ್ ಡಾಕ್ಸ್‌ನಲ್ಲಿ ಗುಂಪಾಗಿ ವರದಿ ಬರೆಯುವಾಗ ಒಬ್ಬರ ಬರಹವನ್ನು ಇನ್ನೊಬ್ಬರದು ಅಳಿಸಿಹಾಕುವುದಿಲ್ಲವೇ? ಯಾರು ಎಷ್ಟು ಬರೆದರೆಂದು ಅಧ್ಯಾಪಕರಿಗೆ ತಿಳಿಯುತ್ತದೆಯೇ?

ಸಾಮಾನ್ಯವಾಗಿ ಅಳಿಸಿಹಾಕುವುದಿಲ್ಲ. ನೀವು ಟೈಪ್ ಮಾಡಿದಾಗ ಇಡೀ ಕಡತವಲ್ಲ, 'ಇಂಥ ಸ್ಥಾನದಲ್ಲಿ ಇಷ್ಟು ಅಕ್ಷರ ಸೇರಿಸು' ಎಂಬಂಥ ಸಣ್ಣ ಸೂಚನೆ ಮಾತ್ರ ಸರ್ವರ್‌ಗೆ ಹೋಗುತ್ತದೆ. ನೀವು 20ನೆಯ ಸ್ಥಾನದಲ್ಲಿ ತಿದ್ದುತ್ತಿರುವಾಗಲೇ ಗೆಳೆಯರೊಬ್ಬರು ಆರಂಭದಲ್ಲಿ 5 ಅಕ್ಷರ ಸೇರಿಸಿದರೆ, ನಿಮ್ಮ ತಿದ್ದುಪಡಿಯನ್ನು ತಂತ್ರಾಂಶವು 25ನೆಯ ಸ್ಥಾನಕ್ಕೆ ಸರಿಸಿಕೊಳ್ಳುತ್ತದೆ. 'ಆಪರೇಷನಲ್ ಟ್ರಾನ್ಸ್‌ಫರ್ಮೇಶನ್' ಎಂಬ ಈ ವಿಧಾನವನ್ನು ಎಲ್ಲಿಸ್ ಮತ್ತು ಗಿಬ್ಸ್ ಎಂಬ ಸಂಶೋಧಕರು 1989ರಲ್ಲೇ ವಿವರಿಸಿದ್ದರು. ಆದರೆ ಅದು ಕಾಯುವುದು ಅಕ್ಷರಗಳ ಸ್ಥಾನವನ್ನೇ ಹೊರತು ಅರ್ಥವನ್ನಲ್ಲ. ಇಬ್ಬರು ಒಂದೇ ವಾಕ್ಯವನ್ನು ಏಕಕಾಲಕ್ಕೆ ತಿದ್ದಿದರೆ ಎಲ್ಲರ ಪರದೆಯಲ್ಲೂ ಒಂದೇ ಬಗೆಯ ಕಲಸುಮೇಲೋಗರ ಕಾಣಿಸೀತು. ಆದ್ದರಿಂದ ಅಧ್ಯಾಯಗಳನ್ನು ಮೊದಲೇ ಹಂಚಿಕೊಂಡು, ಇತರರ ಭಾಗವನ್ನು, ಒಪ್ಪಿಗೆ ಸಿಕ್ಕಮೇಲೆ ಮಾತ್ರ ತಿದ್ದುಪಡಿ ಸೇರುವ 'ಸಲಹೆ' ವಿಧಾನದಲ್ಲಷ್ಟೇ ತಿದ್ದುವುದು ಲೇಸು.

ಎರಡನೆಯ ಪ್ರಶ್ನೆಗೆ ಬಂದರೆ, ತಿದ್ದುವ ಅನುಮತಿಯುಳ್ಳ ಅಧ್ಯಾಪಕರು ಆವೃತ್ತಿ ಇತಿಹಾಸವನ್ನು ತೆರೆದು, ಯಾರು ಯಾವಾಗ ಏನು ಬದಲಿಸಿದರೆಂಬುದನ್ನು ಹೆಸರು, ಬಣ್ಣ ಸಹಿತ ನೋಡಬಹುದು. ಆದರೆ ಅಂಕ ಕೊಡಲು ಅದೊಂದನ್ನೇ ನೆಚ್ಚುವುದು ನನಗೆ ಸರಿಕಾಣದು. ನಾಲ್ವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದನ್ನು ಒಬ್ಬರು ಅಂಟಿಸಿದರೆ ಎಲ್ಲವೂ ಅಂಟಿಸಿದವರ ಹೆಸರಿನಲ್ಲೇ ದಾಖಲಾಗುತ್ತದೆ. ಲಿಂಕ್ ಇದ್ದವರೆಲ್ಲರೂ ತಿದ್ದಬಹುದಾದ ಕಡತದಲ್ಲಿ ಲಾಗಿನ್ ಆಗದೆ ಬರೆದವರು ಹೆಸರಿಲ್ಲದೆ ಅನಾಮಧೇಯರಾಗಿ ಕಾಣಿಸಿಕೊಳ್ಳುತ್ತಾರೆ. ಪ್ರತಿಯೊಬ್ಬರ ಇಮೇಲ್ ವಿಳಾಸವನ್ನೂ ಸೇರಿಸಿ ಹಂಚಿಕೊಂಡು, ಅವರವರ ಖಾತೆಯಿಂದಲೇ ಬರೆಯಿರಿ.