ಎಲ್ಲಿಯವರೆಗೆ ಅಂತ ಯಾರೂ ಹೇಳಲಿಲ್ಲ

ತಪ್ಪಿಗೆ ಚರ್ಚ್ ಶಿಕ್ಷೆ ಕೊಟ್ಟು, ಅದು ಎಲ್ಲಿಯವರೆಗೆ ಅಂತ ಹೇಳದೆ ಬಿಟ್ಟ ಪ್ರಕರಣಗಳು ವರ್ಷಕ್ಕೆ ಎರಡು ಮೂರಾದರೂ ಸಲಹೆಗಾಗಿ ನನ್ನ ಬಳಿ ಬರುತ್ತವೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಲಿಂಗರಾಜಪುರದ ನನ್ನ ಕೋಣೆಗೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಆತ ಒಂದು ಸಣ್ಣ ಕ್ರೈಸ್ತ ಸಭೆಯ, ಅಂದರೆ ಚರ್ಚ್‌ನ, ಖಜಾಂಚಿ ಆಗಿದ್ದವರು. ಮೊಬೈಲ್‌ನಲ್ಲಿ ರಮ್ಮಿ ಆಡುವ ಚಟಕ್ಕೆ ಕಟ್ಟಡದ ಕಾಣಿಕೆಯಿಂದ 60 ಸಾವಿರ ತೆಗೆದಿದ್ದರು. ಯಾರೂ ಹಿಡಿಯುವ ಮೊದಲೇ ಪಾಸ್ಟರ್ ಹತ್ತಿರ ಹೋಗಿ ಒಪ್ಪಿಕೊಂಡರು. ಭಾನುವಾರ ಸಭೆಗೆ ತಿಳಿಸಿದರು. ಹುದ್ದೆ ಹೋಯಿತು, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಿಂದಲೂ ದೂರ ಇಟ್ಟರು. ಅದಾಗಿ 14 ತಿಂಗಳು. ಹಣ ಪೂರ್ತಿ ತೀರಿಸಿಯೇ 3 ತಿಂಗಳಾಗಿತ್ತು.

ಮೊದಲ ಎರಡು ಸಲ ಆತ ಮಾತೇ ಆಡಲಿಲ್ಲ. ಮೂರನೇ ಸಲ ಹೆಂಡತಿಯೇ ಶುರು ಮಾಡಿದರು.

"ತಿಂಗಳ ಮೊದಲ ಭಾನುವಾರ ಭೋಜನದ ಟ್ರೇ ಬರುತ್ತೆ ಸರ್. ಇವರು ತಗೊಳ್ಳದೆ ನನಗೆ ದಾಟಿಸ್ತಾರೆ. ಅಪ್ಪನಿಗೆ ಯಾಕಿಲ್ಲ ಅಂತ ಮಗಳು ಜೋರಾಗಿ ಕೇಳಿಬಿಟ್ಟಳು."

"ಎಲ್ಲಿಯವರೆಗೆ ಅಂತ ಹೇಳಿದ್ದಾರೆ?" ಅಂದೆ.

ಆತ ತಲೆ ಎತ್ತಿದರು. "ಹೇಳಿಲ್ಲ ಸರ್. ನಾನೂ ಕೇಳಿಲ್ಲ. ಕೇಳಿದರೆ ಇವನಿಗಿನ್ನೂ ಪಶ್ಚಾತ್ತಾಪ ಆಗಿಲ್ಲ ಅಂದುಕೊಳ್ತಾರೆ."

ಆ ಮಾತು ಕೇಳಿ ಎರಡು ದಿನ ನನಗೆ ಸಮಾಧಾನ ಇರಲಿಲ್ಲ.

ನಾನು ಸಭೆಯ ಶಿಸ್ತಿನ ವಿರೋಧಿ ಅಲ್ಲ. ಬೈಬಲಿನ ಮತ್ತಾಯ 18ರ ಪ್ರಕಾರ ತಪ್ಪು ಮಾಡಿದವನಿಗೆ ಮೊದಲು ಒಬ್ಬರೇ ಹೋಗಿ ಹೇಳಬೇಕು, ಕೇಳದಿದ್ದರೆ ಇಬ್ಬರು ಮೂವರು, ಆಮೇಲೆ ಸಭೆ. ಇಲ್ಲಿ ಆತ ತಾನಾಗಿಯೇ ಒಪ್ಪಿಕೊಂಡಿದ್ದರು. ಆದರೂ ಹಣ ಸಭೆಯದು, ತಿಳಿಸಿದ್ದು ಸರಿಯೇ. ತೊಂದರೆ ಆಮೇಲಿನದು. ತಪ್ಪು ಮಾಡಿದವನನ್ನು ಸಭೆಯಿಂದ ಹೊರಹಾಕಿ ಅಂತ ಅಪೊಸ್ತಲ ಪೌಲ ಬರೆದ 1 ಕೊರಿಂಥ 5ನೇ ಅಧ್ಯಾಯ, ಸಭೆ ನಡೆಸುವ ನಮ್ಮ ಹಿರಿಯರಿಗೆ ಬಾಯಿಪಾಠ. 2 ಕೊರಿಂಥ 2ರಲ್ಲಿ ಪೌಲ ಇನ್ನೊಂದು ಮಾತು ಬರೆದಿದ್ದಾನೆ: ಆದ ಶಿಕ್ಷೆ ಸಾಕು, ಈಗ ಅವನನ್ನು ಕ್ಷಮಿಸಿ ಸಂತೈಸಿ, ಇಲ್ಲದಿದ್ದರೆ ದುಃಖದಲ್ಲಿ ಮುಳುಗಿಹೋದಾನು. ಎರಡೂ ಕಡೆ ಹೇಳಿರುವುದು ಒಬ್ಬನ ಬಗ್ಗೆಯೇ ಅನ್ನುವುದನ್ನು ಪಂಡಿತರು ಚರ್ಚಿಸಲಿ. ಆ ಪುಟವನ್ನೂ ಓದಬೇಕಲ್ವಾ?

ಸಭೆ ಬದಲಿಸಿ ಅಂತ ನಾನು ಹೇಳಲಿಲ್ಲ. ಬೆಂಗಳೂರಿನಲ್ಲಿ ಅದು ಬಹಳ ಸುಲಭ, ಎರಡು ಬೀದಿ ದಾಟಿದರೆ ಇನ್ನೊಂದು ಸಭೆ. ಹಾಗೆ ಹೋದವರು ಗುಟ್ಟನ್ನೂ ಜೊತೆಗೇ ಹೊತ್ತುಕೊಂಡು ಹೋಗುತ್ತಾರೆ. ಹಿರಿಯರಿಗೆ ಪತ್ರ ಬರೆಯಿರಿ ಅಂದೆ. ಹಣ ತೀರಿಸಿದ ಲೆಕ್ಕ, ಆಟ ಬಿಡಲು ಏನೇನು ಮಾಡಿದ್ದೀರಿ ಅನ್ನುವುದು, ಮತ್ತೆ ಭೋಜನಕ್ಕೆ ಯಾವಾಗ ಬರಲಿ ಅನ್ನುವ ನೇರ ಪ್ರಶ್ನೆ. ಖಜಾಂಚಿ ಕೆಲಸ ಮಾತ್ರ ಕೇಳಬೇಡಿ ಅಂದೆ. ಹೆಂಡತಿಗೆ ಬೇಜಾರಾಯಿತು. "ಹಾಗಾದರೆ ಇವರು ಇನ್ನೂ ಕಳ್ಳರೇನಾ?" ಇಲ್ಲಮ್ಮ. ಆದರೆ ಕುಡಿತ ಬಿಟ್ಟವರನ್ನು ಬಾರ್‌ನಲ್ಲಿ ಕೆಲಸಕ್ಕೆ ಕಳಿಸ್ತೀವಾ? ಈ ಉತ್ತರ ಒರಟು ಅನ್ನಿಸಿದರೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ಈ ಸಲಹೆಯನ್ನು ಎಲ್ಲದಕ್ಕೂ ಅನ್ವಯಿಸಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಹಿರಿಯರು ಕೂತು ಮುಗಿಸುವ ವಿಷಯವಲ್ಲ. 2012ರ ಪೋಕ್ಸೋ ಕಾಯ್ದೆಯಂತೆ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು.

ಪತ್ರ ಕೊಟ್ಟ ಎರಡು ವಾರಕ್ಕೆ ಒಬ್ಬ ಹಿರಿಯರು ನನಗೆ ಫೋನ್ ಮಾಡಿದರು. ನಮ್ಮ ಸಭೆಯ ವಿಷಯದಲ್ಲಿ ನಿಮಗೇನು ಕೆಲಸ ಅಂತ ಸ್ವಲ್ಪ ಜೋರಾಗಿಯೇ ಕೇಳಿದರು. ಸುಮ್ನೆ ಕೇಳಿಸಿಕೊಂಡೆ. ಕೊನೆಗೆ ದನಿ ಇಳಿಸಿ ಅಂದರು:

"ನಾವೇನು ಮಾಡೋದು ಸರ್. ಅವನೇ ಬಂದು ಕೇಳಲಿ ಅಂತ ಕಾಯ್ತಿದ್ದೆವು."